ಪಂಚಮಿಗೆ ಕೊಟ್ಟ ಗಾಡಿ

ಆಗಸ್ಟ್ ೪, ಸೋಮವಾರ

ಇವತ್ತು ಶಾಲೆಗೆ ನಾನೇ ಕಾರು ಓಡಿಸಿಕೊಂಡು ಹೋದೆ. ಸಿಂದಗಿಯಿಂದ ದೇವಣಗಾಂವದ ತನಕ, ನಡುವೆ ಎಲ್ಲೂ ಬಂದ್ ಬೀಳಿಸದೆ. ಪಕ್ಕದಲ್ಲಿ ಅಬಿದಾ, ನನ್ನ ಜೊತೆಯ ಟೀಚರು. ಇಷ್ಟು ವರ್ಷ ನಾವಿಬ್ಬರೂ ಒಂದೇ ಬಸ್ಸಿನ ಒಂದೇ ಕಂಬಿ ಹಿಡಿದು ನಿಂತು ಆ ಶಾಲೆಗೆ ಹೋದವರು. ಇವತ್ತು ಆಕೆ ಸೀಟಿಗೆ ಒರಗಿ ಕೂತು, "ಕೋಮಲಾ, ನಾ ಇನ್ನ ಆ ಬಸ್ಸಿನ ಮಾರಿ ನೋಡೂದಿಲ್ಲ ನೋಡು" ಎಂದಳು. ಗೇಟಿನಲ್ಲಿ ಹುಡುಗರು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ತರರು ಹೊರಗೆ ಬಂದು ಗಾಡಿಯ ಟೈರು ಒದ್ದು ನೋಡಿದರು. ಟೈರು ಒದ್ದರೆ ಏನು ತಿಳಿಯುತ್ತದೋ, ಅದು ಗಂಡಸರಿಗೇ ಗೊತ್ತು.

ಗಾಡಿ ಅಣ್ಣ ಕೊಟ್ಟದ್ದು. ಪಂಚಮಿಗೆ ದೇವರ ಹಿಪ್ಪರಗಿಗೆ, ತವರಿಗೆ ಹೋಗಿದ್ದೆನಲ್ಲ, ಹೊರಡುವ ದಿನ ಅಣ್ಣನ ಹೆಂಡತಿ ಸೌಂದರ್ಯಾ ವೈನಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ. ಅದರ ಮೇಲೆ ಅಣ್ಣ ತನ್ನ ಬಿಳಿ ಗಾಡಿಯ ಕೀಲಿ ಇಟ್ಟುಬಿಟ್ಟ. ಬಾಡಿಗೆಗೆ ಓಡಿಸಲು ಹೊಸ ಗಾಡಿ ತಂದಿದ್ದಾನೆ, ಇದು ನಿನಗೇ ಇರಲಿ ಎಂದ. ಕೀಲಿಯನ್ನು ಕಣ್ಣಿಗೆ ಒತ್ತಿಕೊಂಡೆ. "ಇಂಥಾ ಅಣ್ಣ ಯಾರಿಗೆ ಸಿಗತಾನ" ಎಂದು ಅವ್ವ ಓಣಿಗೆಲ್ಲ ಕೇಳುವಂತೆ ಹೇಳಿದಳು. ಮೇ ರಜೆಯಲ್ಲಿ ಇದೇ ಗಾಡಿಯ ಮೇಲೆ ನನಗೆ ಓಡಿಸಲು ಕಲಿಸಿದವನೂ ಅವನೇ. ಹತ್ತನೆಯ ಇಯತ್ತೆಗೆ ಸಾಲಿ ಸಾಕು ಎಂದ ಅಪ್ಪನ ಜೊತೆ ಜಗಳವಾಡಿ ನನ್ನನ್ನು ಮುಂದೆ ಓದಲು ಕಳಿಸಿದವನೂ ಅವನೇ. ಸುಭಾಸನಂಥ ಅಣ್ಣ ಇರುವವಳಿಗೆ ಇನ್ನೇನು ಬೇಕು.

ತೀರಿಕೊಂಡ ಅಪ್ಪನ ಹೊಲದಲ್ಲಿ ನನ್ನ ಪಾಲಿನ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕುವುದೊಂದು ಬಾಕಿ ಇದೆ. ಅವತ್ತೇ ಆ ಮಾತೂ ಆಯಿತು. ನಮ್ಮ ಕಡೆ ಹೆಣ್ಣುಮಕ್ಕಳು ಇದಕ್ಕೆಲ್ಲ ಯೋಚಿಸುತ್ತ ಕೂರುವುದಿಲ್ಲ. ಯಾವತ್ತು ಬರಬೇಕು ಎಂದು ಕೇಳುತ್ತಾರೆ, ಬಂದು ಹಾಕಿ ಹೋಗುತ್ತಾರೆ. ನಾನೂ ಹಾಕುತ್ತೇನೆ. ತೊಗರಿ ಹೊಲ ಕಟ್ಟಿಕೊಂಡು ನನಗೇನಾಗಬೇಕು? ತವರಿನ ಬಾಗಿಲು ತೆರೆದಿದ್ದರೆ ಸಾಕು.

ಆಗಸ್ಟ್ ೧೧, ಸೋಮವಾರ

ಅಬಿದಾ ದಾರಿಯಲ್ಲಿ ಕೇಳಿದಳು: "ನೀ ಬ್ರೇಕ ಎರಡೆರಡ ಸಲ ಯಾಕ ಒತ್ತತೀ? ನಮ್ಮ ಮನಿಯವ್ರು ಒಮ್ಮೆ ಒತ್ತತಾರ."

"ನಮ್ಮಣ್ಣ ಹಿಂಗ ಕಲಿಸ್ಯಾನ. ಮೊದಲ ಒಮ್ಮೆ ಒತ್ತಿ ಬಿಡಬೇಕು, ಆಮ್ಯಾಲ ಪೂರಾ ಒತ್ತಬೇಕು."

"ನಿಮ್ಮ ಮನ್ಯಾಗ ಎಲ್ಲಾನೂ ಎರಡೆರಡ ಸಲ ಬಿಡು. ಚಹಾನೂ ಎರಡ ಸಲ ಕುಡೀತೀ."

ನಕ್ಕು ನಕ್ಕು ಸಾಕಾಯಿತು. ವರ್ಷಗಟ್ಟಲೆ ಓಡಿಸಿದವನು ಕಲಿಸಿದ್ದು, ಅವಳ ಗಂಡನಿಗೇನು ಗೊತ್ತು.

ಆಗಸ್ಟ್ ೧೪, ಗುರುವಾರ

ಇವತ್ತಿನ ಅಕ್ಷರ ನೋಡಿದರೆ ನನ್ನ ಶಾಲೆಯ ಮಕ್ಕಳು ಬರೆದ ಹಾಗಿದೆ.

ಶಾಲೆ ಬಿಟ್ಟು ಬರುವಾಗ ತಿರುವಿನಲ್ಲಿ ಕುರಿಗಳ ಹಿಂಡು ಅಡ್ಡ ಬಂತು. ಒತ್ತಿದೆ. ಕಾಲು ಕೆಳಗಿಳಿಯಿತು, ಗಾಡಿ ನಿಲ್ಲಲಿಲ್ಲ. ಮತ್ತೆ ಒತ್ತಿದೆ, ಆಗಲೂ ಮೆತ್ತಗೆ. ನೆನೆದ ರೊಟ್ಟಿಯ ಮೇಲೆ ಕಾಲಿಟ್ಟ ಹಾಗೆ ಪೆಡಲು ನೆಲದ ತನಕ ಹೋಯಿತು. ಕುರಿಗಾರ ಕೈಯೆತ್ತಿ ಕೂಗುತ್ತಿದ್ದ. ಕೈಬ್ರೇಕು ಎಳೆದು ಗಾಡಿಯನ್ನು ರಸ್ತೆಯಿಂದ ಕೆಳಗಿಳಿಸಿದೆ. ಎರೆ ಮಣ್ಣು ಹಸಿಯಾಗಿತ್ತು, ಗಾಲಿ ಹೂತು ನಿಂತಿತು. ಮಣ್ಣು ಉಳಿಸಿತು. ಅಬಿದಾಳ ಹಣೆ ಮುಂದೆ ಬಡಿದು ಬಾತುಕೊಂಡಿತು.

ಕುರಿಗಾರನೇ ನಾಲ್ಕು ಜನರನ್ನು ಕರೆತಂದು ಗಾಡಿ ಎತ್ತಿಸಿದ. "ಹೆಣಮಕ್ಕಳಿಗ್ಯಾಕ ಬೇಕ್ರಿ ಇದು" ಎಂದು ಒಬ್ಬ ಅಂದ. ಅವನು ಹೇಳಿದ್ದೇ ನಿಜವಿರಬಹುದು ಅನ್ನಿಸಿತು.

ಆಗಸ್ಟ್ ೧೬, ಶನಿವಾರ

ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನ ಖಂಡೆಪ್ಪನ ಹತ್ತಿರ ಗಾಡಿ ಒಯ್ದೆ. ಆತ ಕೆಲಸಕ್ಕಿಂತ ಮಾತೇ ಜಾಸ್ತಿ ಆಡುವ ಮನುಷ್ಯ. ಬ್ರೇಕಿನ ನಳಿಕೆಯಲ್ಲಿ ಗಾಳಿ ಸೇರಿದೆ ಎಂದು ಗಾಳಿ ತೆಗೆದ, ಬ್ರೇಕ್ ಆಯಿಲ್ ತುಂಬಿದ, ತನ್ನ ಮಗಳ ಮದುವೆಯ ಕಥೆ ಪೂರ್ತಿ ಹೇಳಿದ. ಪೆಡಲು ಗಟ್ಟಿಯಾಯಿತು.

ಅಣ್ಣನಿಗೆ ಫೋನ್ ಮಾಡಿದೆ. "ಗಾಡಿ ನೆಟ್ಟಗ ಐತಿ. ನಿನ್ನ ಕಾಲಾಗ ಜೀವ ಇಲ್ಲ. ಹೆದರಿಕಿಗೆ ಅರ್ಧಾ ಒತ್ತಿ ಬಿಡತೀ" ಎಂದ. ನನ್ನ ಯಜಮಾನರು ಮುದ್ದೇಬಿಹಾಳದಿಂದ ರಜೆಗೆ ಬಂದಿದ್ದರು. ಅಲ್ಲಿ ಇವರ ನೌಕರಿ, ವಾರಕ್ಕೊಮ್ಮೆ ಮನೆ. "ನಿಮ್ಮಣ್ಣ ಅಷ್ಟ ವರ್ಷ ಓಡಿಸಿದಾಗ ಏನೂ ಆಗಿಲ್ಲ. ಬಸ್ಸಿಗೆ ಹೋಗು, ಜೀವಕ್ಕ ಆರಾಮ" ಎಂದರು.

ಇಬ್ಬರೂ ಹೇಳಿದ ಮೇಲೆ ತಪ್ಪು ನನ್ನದೇ ಇರಬೇಕು. ಸಂಜೆ ಅಂಗಳದಲ್ಲಿ ನಿಂತ ಗಾಡಿಯಲ್ಲೇ ಕೂತು ಜೋರಾಗಿ ಒತ್ತುವುದನ್ನು ರೂಢಿ ಮಾಡಿದೆ. ಪಕ್ಕದ ಮನೆಯವರು ಗೋಡೆಯ ಮೇಲಿಂದ ನೋಡಿ ಒಳಗೆ ಹೋದರು.

ಆಗಸ್ಟ್ ೨೧, ಗುರುವಾರ

ಪೆಡಲು ಮತ್ತೆ ಮೆತ್ತಗೆ. ಅಬಿದಾ ಬಸ್ಸಿಗೆ ಹೋಗುತ್ತಿದ್ದಾಳೆ. ಕೇಳಿದರೆ, "ನಿನ್ನ ಮ್ಯಾಲ ಸಿಟ್ಟಿಲ್ಲ, ಮನ್ಯಾಗ ಬ್ಯಾಡ ಅಂತಾರ" ಎನ್ನುತ್ತಾಳೆ. ಸಿಟ್ಟಿದ್ದರೆ ಸಮಾಧಾನ ಮಾಡಬಹುದಿತ್ತು. ಸ್ಟಾಫ್ ರೂಮಿನಲ್ಲಿ ಯಾರೂ ಗಾಡಿಯ ಸುದ್ದಿ ಎತ್ತುವುದಿಲ್ಲ. ಮನೆಯಲ್ಲಿ ಸಾವಾದಾಗ ಜನ ಹಾಗೆ ಇರುತ್ತಾರೆ.

ಆಗಸ್ಟ್ ೨೪, ಭಾನುವಾರ

ಫೋನಿನಲ್ಲಿ ಬ್ರೇಕಿನ ವಿಡಿಯೋ ನೋಡುತ್ತ ಅನ್ನ ಸೀಯಿಸಿದೆ.

ಮಕ್ಕಳಿಗೆ ಲೆಕ್ಕ ತಪ್ಪಿದರೆ ನಾನು ಏನು ಹೇಳುತ್ತೇನೆ? ಎಲ್ಲಿ ತಪ್ಪಿತು ಎಂದು ಒಂದೊಂದೇ ಮೆಟ್ಟಿಲು ನೋಡು. ನಾನೂ ಹಾಗೇ ಮಾಡಿದೆ. ಗಾಡಿ ಚಾಲೂ ಇಟ್ಟು ಪೆಡಲಿನ ಮೇಲೆ ಕಾಲು ಒತ್ತಿ ಹಿಡಿದು ಕೂತೆ. ಮೊದಲು ಗಟ್ಟಿ ಇದ್ದದ್ದು ಸಾವಕಾಶ ಕೆಳಗಿಳಿಯಿತು. ಇಲ್ಲಿ ಕಾಲಿನಲ್ಲಿ ಜೀವ ಇಲ್ಲದ ಮಾತು ಎಲ್ಲಿ ಬಂತು? ನಾನು ಬಿಡಲೇ ಇಲ್ಲವಲ್ಲ.

ಆಮೇಲೆ ನಾಲ್ಕೂ ಗಾಲಿಯ ಒಳಗಡೆ ಕೈಯಾಡಿಸಿ ನೋಡಿದೆ. ಒಣ ಧೂಳು, ಎಲ್ಲೂ ಜಿಡ್ಡಿಲ್ಲ. ಮುಂದಿನ ಮುಚ್ಚಳ ಎತ್ತಿದರೆ ಬ್ರೇಕ್ ಆಯಿಲಿನ ಡಬ್ಬಿ ಕಾಣುತ್ತದೆ. ಆಯಿಲು ಎಷ್ಟಿದೆಯೋ ಆ ಮಟ್ಟಕ್ಕೆ ಸರಿಯಾಗಿ ನನ್ನ ಹಣೆಯ ಟಿಕಳಿ ತೆಗೆದು ಹಚ್ಚಿದೆ. ಇನ್ನು ಇಳಿದರೆ ಗೊತ್ತಾಗುತ್ತದೆ. ಬೋಳು ಹಣೆಯಲ್ಲಿ ಒಳಗೆ ಬಂದದ್ದು ನೋಡಿ ಇವರು, "ಅದೇನ ಪೂಜಾ ನಡಸೀ ಗಾಡಿಗೆ" ಎಂದರು.

ಆಗಸ್ಟ್ ೨೮, ಗುರುವಾರ

ದಿನಾ ಓಣಿಯಲ್ಲೇ ಹಿಂದೆ ಮುಂದೆ ಓಡಿಸಿ ನೋಡಿದೆ. ಆಯಿಲು ಟಿಕಳಿಯ ಮಟ್ಟದಲ್ಲೇ ಇದೆ. ಹೊರಗೆ ಹೋಗಿಲ್ಲ. ಆದರೂ ಒತ್ತಿ ಹಿಡಿದರೆ ಪೆಡಲು ಇಳಿಯುತ್ತದೆ. ಅಂದರೆ ಸೋರುತ್ತಿರುವುದು ಒಳಗೇ. ಪೆಡಲಿನ ಒತ್ತಡವನ್ನು ಗಾಲಿಗೆ ಕಳಿಸುವ ಮಾಸ್ಟರ್ ಸಿಲಿಂಡರಿನೊಳಗೆ ರಬ್ಬರು ಸವೆದಿರಬೇಕು, ಆಯಿಲು ಅದರ ಬದಿಯಿಂದ ಹಿಂದಕ್ಕೆ ಜಾರುತ್ತಿದೆ. ಗಾಳಿ ಎಷ್ಟು ತೆಗೆದರೂ ಇದು ಹೋಗುವುದಲ್ಲ.

ನನಗೆ ಖುಷಿಯಾಯಿತು. ಅಣ್ಣನಿಗೆ ಹೇಳಬೇಕು, ಪಾಪ, ಅವನಿಗೂ ತಿಳಿದಿರಲಿಕ್ಕಿಲ್ಲ.

ಆಗಸ್ಟ್ ೩೦, ಶನಿವಾರ

ಬೆಳಿಗ್ಗೆ ಖಂಡೆಪ್ಪನಿಗೆ ಎಲ್ಲ ಹೇಳಿದೆ. "ಅದನ್ನ ನಾನೂ ಹೇಳಾಂವ ಇದ್ನಿರಿ" ಎಂದ. ಇರಲಿ. ಬಿಚ್ಚಿದ. ಒಳಗಿನ ರಬ್ಬರಿನ ಬಟ್ಟಲಿನ ಅಂಚು ಇಲಿ ಕಡಿದಂತೆ ಹರಿದಿತ್ತು. ವಿಜಯಪುರದಿಂದ ಹೊಸ ಸಿಲಿಂಡರು ತರಿಸಬೇಕು ಎಂದ. ನಾನು ಗೆದ್ದವಳ ಹಾಗೆ ನಿಂತಿದ್ದೆ.

ಅಷ್ಟರಲ್ಲಿ ಆತ ಬೋಲ್ಟನ್ನು ಬೆಳಕಿಗೆ ಹಿಡಿದು ನೋಡಿದ. "ಇದನ್ನ ಹಿಂದೊಮ್ಮಿ ಯಾರೋ ಬಿಚ್ಚಿ ನೋಡ್ಯಾರ. ಪಾನಾ ಜಾರಿದ ಗುರತ ಐತಿ. ರಬ್ಬರ ಬದಲ ಮಾಡಿಲ್ಲ, ಹಂಗ ಮುಚ್ಯಾರ. ನೀವ ಎರಡ ಸಲ ಬ್ರೇಕ ಒತ್ತತೀರಲ್ರಿ ಅಕ್ಕೋರ, ಒಳಗ ಬರೂ ಮುಂದ ನೋಡಿದ್ನಿ. ಅದ್ಯಾರು ಕಲಿಸಿದವ್ರು?"

"ನಮ್ಮಣ್ಣ."

"ಹಂಗಾದ್ರ ಅವ್ರಿಗೆ ಗೊತ್ತಿತ್ತು ಬಿಡ್ರಿ. ಬ್ರೇಕ ಸರಿ ಇದ್ದ ಗಾಡಿ ಮ್ಯಾಲ ಯಾರೂ ಹಂಗ ಕಲಸೂದಿಲ್ಲ. ಮೊದಲನೇದು ಖಾಲಿ ಹೋಗತೈತಿ, ಎರಡನೇದಕ್ಕ ಹಿಡೀತೈತಿ. ಹಾಳ ಬ್ರೇಕಿನ ಜೋಡಿ ಬಾಳೇ ಮಾಡೂ ರೀತಿರಿ ಇದು."

ಆತ ಮುಂದೆ ಏನೇನೋ ಹೇಳಿದ. ನನಗೆ ಕೇಳಿಸಲಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಅಣ್ಣ ಪಕ್ಕದಲ್ಲಿ ಕೂತು ನನ್ನ ಮೊಣಕಾಲು ತಟ್ಟಿ, "ಒಂದ, ಎರಡ. ಹಾಂ, ಹಿಂಗ. ಒಂದ, ಎರಡ" ಎಂದು ಹೇಳಿಕೊಟ್ಟದ್ದು ಕಣ್ಣ ಮುಂದೆ ಬಂತು. ಆಗ ನಾನು ಅಂದುಕೊಂಡಿದ್ದೆ, ಎಷ್ಟು ತಾಳ್ಮೆ ಇವನಿಗೆ.

ಉಡಿಯಲ್ಲಿ ಹಾಕಿದ್ದನ್ನು ಯಾರೂ ತಿರುವಿ ನೋಡುವುದಿಲ್ಲ. ಅಕ್ಕಿಯಲ್ಲಿ ಹುಳ ಇದೆಯೋ, ಕೊಬ್ಬರಿ ಕಮಟಾಗಿದೆಯೋ, ನೋಡಿದರೆ ತವರಿಗೆ ಅವಮಾನ. ಸೆರಗು ಒಡ್ಡಿ, ಕಣ್ಣಿಗೆ ಒತ್ತಿಕೊಂಡು ಬರುವುದು. ಹೊರಗಿನವರ ಗಾಡಿಯಾಗಿದ್ದರೆ ಹತ್ತು ಜನರಿಗೆ ತೋರಿಸಿ ತರುತ್ತಿದ್ದೆ.

ಆಗಸ್ಟ್ ೩೧, ಭಾನುವಾರ

ನನಗೆ ಮೋಸವಾಗಿದೆ. ಬರೆದು ನೋಡಿದರೂ ನಂಬಿಕೆ ಬರುತ್ತಿಲ್ಲ.

ಸೆಪ್ಟೆಂಬರ್ ೨, ಮಂಗಳವಾರ

ವೈನಿ ಫೋನ್ ಮಾಡಿದ್ದರು. ಮುಂದಿನ ಮಂಗಳವಾರ ಸಹಿಯಂತೆ, ಸಿಂದಗಿಯ ನೋಂದಣಿ ಕಚೇರಿಯಲ್ಲಿ. ಹೊಲದಲ್ಲಿ ಅವ್ವನದೂ ಪಾಲಿದೆ, ಆಕೆಯ ಹೆಬ್ಬೆಟ್ಟೂ ಬೇಕಂತೆ. ಮೊಣಕಾಲು ನೋವು, ಬಸ್ಸು ಹತ್ತಲಾರಳು, ನೀವೇ ಗಾಡಿ ತಂದು ಕರೆದೊಯ್ಯಿರಿ ಎಂದರು.

ನಾನು ಸುಮ್ಮನಿರಬೇಕಾಗಿತ್ತು. ಕೇಳಿಬಿಟ್ಟೆ. "ವೈನಿ, ಈ ಗಾಡ್ಯಾಗ ಹುಡುಗರನ್ನ ಎಲ್ಲಿ ಕೂಡಸ್ತಿದ್ರಿ, ಹಿಂದೋ ಮುಂದೋ?"

"ಅಯ್ಯ, ಹೋದ ದಸರಾದಿಂದ ನಮ್ಮನ್ನ ಅದರಾಗ ಹತ್ತಿಸೇ ಇಲ್ರೀ ಇವ್ರು. ಬ್ರೇಕ ಸರಿ ಇಲ್ಲ ಅಂತಿದ್ರು. ಬಾಡಿಗಿಗೂ ಬಿಡ್ತಿರಲಿಲ್ಲ. ನಿಮಗ ಕೊಡೂ ಮುಂದ ರಿಪೇರಿ ಮಾಡಿಸ್ಯಾರಲ್ಲ?"

ಸೌಂದರ್ಯಾ ವೈನಿ ಸುಳ್ಳು ಹೇಳುವವರಲ್ಲ. ಆಕೆ ನಿಜವಾಗಿಯೂ ಹಾಗೇ ತಿಳಿದಿದ್ದಾರೆ. "ಹೂಂ, ಮಾಡಿಸ್ಯಾನ" ಎಂದು ಫೋನ್ ಇಟ್ಟೆ.

ಹೋದ ದಸರಾದಿಂದ. ಹೆಂಡತಿಯನ್ನು ಹತ್ತಿಸಲಿಲ್ಲ, ಮಕ್ಕಳನ್ನು ಹತ್ತಿಸಲಿಲ್ಲ, ಬಾಡಿಗೆಗೆ ಬರುವ ಗುರುತಿಲ್ಲದ ಜನರನ್ನೂ ಹತ್ತಿಸಲಿಲ್ಲ. ನನ್ನನ್ನು ಹತ್ತಿಸಿದ. ಕುಂಕುಮ ಹಚ್ಚಿ, ಲಿಂಬೆಹಣ್ಣು ಗಾಲಿಗಿಟ್ಟು ಕಳಿಸಿದ.

ಬಚ್ಚಲಿಗೆ ಹೋಗಿ ನಳ ಬಿಟ್ಟು ಅತ್ತೆ. ಅವ್ವನಿಗೆ ಫೋನಿನಲ್ಲಿ ಹೇಳಿದರೆ, "ಕೊಟ್ಟ ಕೈ ನೋಡವಾ, ಕೊಟ್ಟದ್ದನ್ನ ಏನ ನೋಡತೀ" ಎಂದಳು. ಸಹಿಗೆ ಬರುವುದಿಲ್ಲ ಅಂತ ಮಾತ್ರ ಅನ್ನಬೇಡ, ಊರಾಗ ತಲೆ ಎತ್ತಿ ತಿರುಗಬೇಕು ಎಂದಳು. ಬರುತ್ತೇನೆ ಎಂದೆ. ಹೊಲದ ಮೇಲೆ ನನಗೇನೂ ಆಸೆ ಇಲ್ಲ.

ಸೆಪ್ಟೆಂಬರ್ ೭, ಭಾನುವಾರ

ಹೊಸ ಸಿಲಿಂಡರು ಶುಕ್ರವಾರವೇ ಕೂಡಿಸಿದ್ದ ಖಂಡೆಪ್ಪ. ಪೆಡಲು ಈಗ ಇಳಿಯುವುದಿಲ್ಲ, ಆದರೆ ಸ್ವಲ್ಪ ಸ್ಪಂಜಿನ ಹಾಗಿತ್ತು. ಗಾಳಿ ಇನ್ನೂ ಉಳಿದಿದೆ, ಸೋಮವಾರ ಬರ್ರಿ ಎಂದಿದ್ದ. ಸೋಮವಾರದ ತನಕ ಯಾರು ಕಾಯುತ್ತಾರೆ? ನಟ್ಟು ತಿರುಗಿಸುವ ಪಾನಾ, ಸಣ್ಣ ನಳಿಕೆ, ಬಾಟಲಿ ತಂದಿಟ್ಟುಕೊಂಡೆ. ಆದರೆ ಇದು ಒಬ್ಬರ ಕೆಲಸವಲ್ಲ. ಒಬ್ಬರು ಮೇಲೆ ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಲಿಯ ಹತ್ತಿರ ಕೂತು ಸಣ್ಣ ನಟ್ಟು ಸಡಿಲಿಸಬೇಕು. ಕೆಳಗಿನವರು ಬಿಗಿಯುವ ಮೊದಲೇ ಮೇಲಿನವರು ಕಾಲು ತೆಗೆದರೆ ಗಾಳಿ ಮತ್ತೆ ಒಳಗೇ.

ಆ ಹೊತ್ತಿಗೆ ಸುಭಾಸ ಬಂದ, ಪತ್ರದ ಪ್ರತಿ ತೋರಿಸಲು. ಒಳಗೆ ಕರೆಯಲಿಲ್ಲ. "ಗಾಡ್ಯಾಗ ಕೂಡು" ಎಂದೆ.

ಎಡಬದಿಯ ಹಿಂದಿನ ಗಾಲಿ ಎಲ್ಲಕ್ಕಿಂತ ದೂರದ್ದು, ಅದರಿಂದಲೇ ಶುರು. ಹಳೆಯ ಸೀರೆ ಹಾಸಿ ಅದರ ಮೇಲೆ ಮಲಗಿದೆ.

"ಒತ್ತು."

"ಒತ್ತೀನಿ."

"ಹಿಡಿ. ನಾ ಹೇಳೂ ತನಕ ಕಾಲ ತಗೀಬ್ಯಾಡ."

"ಆತ್ರಿ ಅಕ್ಕೋರ" ಎಂದು ನಕ್ಕ. ನಳಿಕೆಯಲ್ಲಿ ಗುಳ್ಳೆಗಳು ಬಂದವು. ಬಿಗಿದೆ. ಬಿಡು ಎಂದೆ. ಮತ್ತೆ ಒತ್ತು ಎಂದೆ. ಅವನ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನದು ಅವನಿಗೆ ಕಾಣುತ್ತಿರಲಿಲ್ಲ. ಎದುರುಬದುರು ನಿಂತಿದ್ದರೆ ಕೇಳಲು ಆಗುತ್ತಿರಲಿಲ್ಲವೇನೋ.

"ಬ್ರೇಕ ಹೋಗೇತಿ ಅಂತ ನಿನಗ ಗೊತ್ತಿತ್ತಲ್ಲ?"

ಅವನು ಪೆಡಲು ಹಿಡಿದೇ ಇದ್ದ.

"ಗೊತ್ತಿತ್ತು. ಅದಕ್ಕ ನಿನಗ ಎರಡ ಸಲ ಒತ್ತೂದು ಕಲಿಸಿದ್ನೆಲ್ಲ. ಕಲಿಸಲಾರದ ಕೊಟ್ಟಿದ್ರ ಬ್ಯಾರೆ ಮಾತು. ಮಾರಾಕ ನೋಡಿದೆ, ಓಡಿಸಿ ನೋಡಿದವ್ರು ಯಾರೂ ತಗೋಳಿಲ್ಲ. ನೀ ಸಾವಕಾಶ ಓಡಸಾಕಿ, ನಿನಗ ನಡೀತೈತಿ ಅಂತ ಕೊಟ್ಟೆ. ಅಷ್ಟ ವರ್ಷ ನಿನ್ನ ಸಲುವಾಗಿ ಏನೇನ ಮಾಡೀನಿ, ಅದನ್ನೂ ನೆನಸು."

ಅವನ ದನಿಯಲ್ಲಿ ನಾಚಿಕೆ ಇರಲಿಲ್ಲ. ಅದನ್ನೇ ನಾನು ಹುಡುಕುತ್ತಿದ್ದೆ. ಕೋಪ ಇದ್ದರೂ ನಡೆಯುತ್ತಿತ್ತು. ತಾನು ಒಳ್ಳೆಯದನ್ನೇ ಮಾಡಿದ್ದೇನೆ, ತಂಗಿಗೆ ತಿಳಿಯುತ್ತಿಲ್ಲ, ಅನ್ನುವ ಹಾಗೆ ಮಾತಾಡಿದ. ಕಣ್ಣೀರು ಕಿವಿಗೆ ಇಳಿಯಿತು. ಎರಡೂ ಕೈ ಆಯಿಲು, ಒರೆಸಿಕೊಳ್ಳಲಾಗಲಿಲ್ಲ.

ಬ್ರೇಕ್ ಸರಿಯಿಲ್ಲ ತಂಗಿ, ರಿಪೇರಿ ಮಾಡಿಸಿಕೋ ಅಂತ ಒಂದು ಮಾತು ಹೇಳಿದ್ದರೆ ನಾನು ಮಾಡಿಸಿಕೊಳ್ಳುತ್ತಿದ್ದೆ. ಹೊಲವನ್ನೂ ಕೊಡುತ್ತಿದ್ದೆ. ಗಾಡಿ ಕೊಡದಿದ್ದರೂ ಕೊಡುತ್ತಿದ್ದೆ.

ನಾಲ್ಕೂ ಗಾಲಿ ಮುಗಿಸಿ ಎದ್ದೆ. ಕೊನೆಯ ಸಲ ಒತ್ತಿ ನೋಡು ಎಂದೆ. ಒತ್ತಿದ. "ಕಲ್ಲ ಇದ್ಹಂಗ ಐತಿ" ಎಂದ. ಚಹಾ ಮಾಡಿ ಕೊಟ್ಟೆ, ಕುಡಿದು, "ಮಂಗಳವಾರ ಮರೀಬ್ಯಾಡ" ಎಂದು ಹೋದ.

ಸಹಿ ಹಾಕುತ್ತೇನೆ. ಮಾತು ಕೊಟ್ಟಾಗಿದೆ. ಈ ವಯಸ್ಸಿನಲ್ಲಿ ತವರು ಮುರಿದುಕೊಂಡು ಎಲ್ಲಿಗೆ ಹೋಗಲಿ.

ಸೆಪ್ಟೆಂಬರ್ ೯, ಮಂಗಳವಾರ

ರಜೆ ಹಾಕಿ ಬೆಳಿಗ್ಗೆ ಹಿಪ್ಪರಗಿಗೆ ಹೋದೆ. ದಾರಿಯಲ್ಲಿ ಲಾರಿ ಅಡ್ಡ ಬಂದಿತು, ಎಮ್ಮೆ ಬಂದವು, ಗಾಡಿ ನಿಲ್ಲಬೇಕಾದಲ್ಲಿ ನಿಂತಿತು. ಭಯವೇ ಆಗಲಿಲ್ಲ, ಯಾವುದೋ ಹಾಡು ಗುನುಗುತ್ತಿದ್ದೆ.

ತವರಿನ ಬಾಗಿಲಲ್ಲಿ ಎಲ್ಲರೂ ತಯಾರಾಗಿ ನಿಂತಿದ್ದರು. ಸುಭಾಸನ ಹೊಸ ಗಾಡಿ ಬಾಡಿಗೆಗೆ ಹೋಗಿದೆ, ಅವನು ಮೋಟರ್ ಸೈಕಲ್ಲಿಗೆ ಬರುವವನು. ಸಿಂದಗಿಯಲ್ಲಿ ಮಗಳ ಕಣ್ಣು ತೋರಿಸಬೇಕೆಂದು ವೈನಿ ಎರಡೂ ಮಕ್ಕಳನ್ನು ಕರೆದುಕೊಂಡು ಹೊರಟಿದ್ದರು. ಅವ್ವನನ್ನು ಮುಂದಿನ ಸೀಟಿನಲ್ಲಿ ಕೂಡಿಸಿ ಬೆಲ್ಟು ಹಾಕಿದೆ.

"ವೈನಿ, ಬರ್ರಿ. ಹಿಂದ ಜಾಗಾ ಐತಿ."

ವೈನಿ ಬಾಗಿಲು ತೆರೆದರು. ಮಗಳು ಒಂದು ಕಾಲು ಒಳಗಿಟ್ಟಿದ್ದಳು.

"ಬ್ಯಾಡ. ನೀ ಹುಡುಗರನ್ನ ಕರಕೊಂಡು ಬಸ್ಸಿಗೆ ಬಾ" ಎಂದ ಸುಭಾಸ.

"ಬ್ರೇಕ ನೀನ ಒತ್ತಿ ನೋಡಿಯಲ್ಲೋ ಅಣ್ಣಾ. ಕಲ್ಲ ಇದ್ಹಂಗ ಐತಿ ಅಂದಿ."

"ಅಂದೀನಿ. ಆದ್ರೂ ಇರ್ಲಿ. ಹುಡುಗರು ಬಸ್ಸಿಗೇ ಬರ್ಲಿ."

ಮಗಳನ್ನು ತಾನೇ ಕೆಳಗಿಳಿಸಿಕೊಂಡ. ಆಮೇಲೆ ಸುತ್ತು ಹಾಕಿ ಅವ್ವ ಕೂತ ಕಡೆ ಬಂದು, ಬಾಗಿಲಿನ ಹೊರಗೆ ಜೋತುಬಿದ್ದಿದ್ದ ಅವ್ವನ ಸೆರಗನ್ನು ಮಡಚಿ ಒಳಗಿಟ್ಟು, ಬಾಗಿಲು ಹಾಕಿದ. "ಸಾವಕಾಶ ಹೋಗ್ರಿ" ಎಂದ. ಅವ್ವನಿಗೆ ಇಳಿ ಎನ್ನಲಿಲ್ಲ.

ಅವ್ವ, ಸದಾ ಓಣಿಯ ಸುದ್ದಿ ಹೇಳುವವಳು, ಮಡಿಲಲ್ಲಿ ಕೈ ಜೋಡಿಸಿಕೊಂಡು ಸಿಂದಗಿಯ ತನಕ ರಸ್ತೆ ನೋಡುತ್ತ ಕೂತಿದ್ದಳು.

ಕಚೇರಿಯಲ್ಲಿ ಗದ್ದಲ. ಸುಭಾಸ ನಮಗಿಂತ ಮೊದಲೇ ಬಂದು ಎಲ್ಲ ತಯಾರಿಟ್ಟಿದ್ದ. ನಮ್ಮ ಪಾಳಿ ಬಂದಾಗ ನನ್ನ ಹೆಸರು ಮೊದಲು ಕರೆದರು. ಅಧಿಕಾರಿ ಕಂಪ್ಯೂಟರಿನಿಂದ ಕಣ್ಣೆತ್ತದೆ ಎಲ್ಲರಿಗೂ ಕೇಳುವುದನ್ನೇ ನನಗೂ ಕೇಳಿದರು: "ಯಾರದೂ ಒತ್ತಾಯ ಇಲ್ಲ, ನಿಮ್ಮ ಖುಷಿಯಿಂದ ಅಣ್ಣಗ ಹಕ್ಕ ಬಿಟ್ಟ ಕೊಡಾಕತ್ತೀರಿ. ಹೌದಲ್ರೀ?"

"ಇಲ್ರಿ" ಎಂದೆ.

ಬೆರಳಿಡುವ ಯಂತ್ರವನ್ನು ನನ್ನ ಕಡೆ ಸರಿಸುತ್ತಿದ್ದವರು ನಿಂತರು. "ಏನಂದ್ರಿ?"

"ಖುಷಿಯಿಂದ ಅಲ್ರಿ ಅಂದೆ."

ನಾನೇ ಹೇಳಿದೆನೇ ಎಂದು ನನಗೂ ಗಾಬರಿಯಾಯಿತು. ಆದರೆ ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ. ಸುಳ್ಳಲ್ಲವಲ್ಲ. ಸುಭಾಸ ನನ್ನ ರಟ್ಟೆ ಹಿಡಿದು ಪಡಸಾಲೆಗೆ ಎಳೆದುಕೊಂಡು ಬಂದ. ಮುಖ ಕೆಂಪಗಾಗಿತ್ತು. "ಒಂದ ಬ್ರೇಕಿನ ಸಲುವಾಗಿ ಅಣ್ಣನ್ನ ಕಳಕೋತೀ ಏನ?"

"ಕೈ ಬಿಡು. ವೈನಿ ಬಸ್ಸ ಬಂದಿರಬೇಕು, ಹುಡುಗರನ್ನ ಕರಕೊಂಡ ಬಾ, ಹೋಗು."

ಒಳಗಿನಿಂದ ಅವ್ವನ ಹೆಸರು ಕರೆದರು. "ಶೆಟ್ಟೆವ್ವ ಭೀಮಶ್ಯಾ." ಅವ್ವ ಬೆಂಚಿನ ಮೇಲೆ ಕೂತಿದ್ದಳು. ಮತ್ತೊಮ್ಮೆ ಕರೆದರು. ಸುಭಾಸ, "ಅವ್ವಾ, ನೀನರೆ ನಡಿ" ಎಂದ. ಆಕೆ ಅವನ ಮುಖ ನೋಡಿದಳು, ಹೆಬ್ಬೆರಳನ್ನು ಸೆರಗಿನೊಳಗೆ ಎಳೆದುಕೊಂಡಳು. ಮೊಣಕಾಲಿನ ಮೇಲೆ ಕೈಯೂರಿ ಸಾವಕಾಶ ಎದ್ದು ನನ್ನ ಹತ್ತಿರ ಬಂದಳು.

"ಗಾಡಿ ಎಲ್ಲಿ ನಿಲ್ಲಿಸೀ?" ಎಂದು ಕೇಳಿದಳು.